ಉಸಿರು ಉಳಿಸಿದ ನಳಿಗೆ, ಸೊರಗಿದ ಶ್ವಾಸನಾಳ

ಯಶವಂತಪುರ ದಾಟಿ ಮುಂದಕ್ಕೆ ಹೋದರೆ ಸಿಗುವ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ನಮ್ಮ ವೀಕ್ಷಕರಿಗೆ ಹೊಸದೇನಲ್ಲ. 1954ರಲ್ಲಿ ಸ್ಥಾಪನೆಯಾದ ಈ ಸಾರ್ವಜನಿಕ ಉದ್ಯಮ ಸೈನ್ಯಕ್ಕೆ ವೈರ್‌ಲೆಸ್ ಸಲಕರಣೆ ಮತ್ತು ರಡಾರ್, ಟೆಲಿವಿಷನ್ ಪೆಟ್ಟಿಗೆಗಳಿಗೆ ಕಪ್ಪು-ಬಿಳುಪು ಚಿತ್ರನಳಿಗೆ, ಚುನಾವಣೆಗೆ ಮತಯಂತ್ರ ಹೀಗೆ ಹಲವು ಬಗೆಯ ವಸ್ತುಗಳನ್ನು ತಯಾರಿಸುತ್ತ ಬಂದಿದೆ. 2020ರಲ್ಲಿ ಕೇಂದ್ರ ಸರ್ಕಾರ ಅದರ ಮುಂದಿಟ್ಟ ಬೇಡಿಕೆ ಮಾತ್ರ ಹಿಂದೆಂದೂ ಇಲ್ಲದಂಥದು. ಮೂವತ್ತು ಸಾವಿರ ವೆಂಟಿಲೇಟರುಗಳು, ಅಂದರೆ ರೋಗಿಯ ಪರವಾಗಿ ಉಸಿರಾಡುವ ಯಂತ್ರಗಳು, ಕೆಲವೇ ತಿಂಗಳೊಳಗೆ ಬೇಕಾಗಿದ್ದವು. ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ, ರಕ್ಷಣಾ ಸಂಶೋಧನಾ ಇಲಾಖೆಯ ನೆರವು ಪಡೆದು, ಕಾರ್ಖಾನೆ ಆ ಕೆಲಸವನ್ನು ಕೈಗೆತ್ತಿಕೊಂಡು ಪೂರೈಸಿತು. ಅಲ್ಲಿಂದ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದೇ ವರ್ಷ ಕೆಲವು ವಿಜ್ಞಾನಿಗಳು 'ಪ್ರಾಣ' ಎಂಬ ಹೆಸರಿನಲ್ಲಿ, ದೇಶದಲ್ಲೇ ಸಿಗುವ ಬಿಡಿಭಾಗಗಳಿಂದ ಮತ್ತೊಂದು ವೆಂಟಿಲೇಟರಿನ ಮಾದರಿಯನ್ನು ಕಟ್ಟಿದರು.

ಆ ದಿನಗಳಲ್ಲಿ ಯಾವ ಊರಿನಲ್ಲಿ ಎಷ್ಟು ವೆಂಟಿಲೇಟರುಗಳಿವೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇತ್ತು. ಯಂತ್ರದಿಂದ ಹೊರಟು ರೋಗಿಯ ಗಂಟಲೊಳಗೆ ಇಳಿಯುವ ಒಂದು ಗೇಣುದ್ದದ ನಳಿಗೆಯ ಬಗ್ಗೆ ಮಾತನಾಡಿದವರು ಕಡಿಮೆ. ಈ ಲೇಖನ ಆ ನಳಿಗೆಯ ಬಗ್ಗೆ, ಮತ್ತು ಅದು ತಂಗುವ ಜಾಗದಲ್ಲಿ ಕೆಲವೊಮ್ಮೆ ಉಂಟಾಗುವ ಒಂದು ದೌರ್ಬಲ್ಯದ ಬಗ್ಗೆ. ಹುಟ್ಟುವಾಗ ಸರಿಯಾಗಿದ್ದ ಶ್ವಾಸನಾಳ ಆಮೇಲೆ, ನಡುವಯಸ್ಸಿನಲ್ಲೋ ಮುಪ್ಪಿನಲ್ಲೋ ಹರೆಯದಲ್ಲೋ, ತನ್ನ ಬಿಗಿಯನ್ನು ಕಳೆದುಕೊಂಡು ಮೆತ್ತಗಾಗುವುದಕ್ಕೆ ವೈದ್ಯರು 'ಟ್ರೇಕಿಯೋಮಲೇಸಿಯ' ಎಂಬ ಹೆಸರಿಟ್ಟಿದ್ದಾರೆ. ಮಲೇಸಿಯ ಎಂದರೆ ಗ್ರೀಕ್ ಮೂಲದಲ್ಲಿ ಮೆದುತನ. ಕೆಲವು ಮಕ್ಕಳಲ್ಲಿ ಇದು ಹುಟ್ಟಿನಿಂದಲೇ ಇರುತ್ತದೆ. ಅದು ಬೇರೆಯೇ ಕಥೆ, ಅವರಲ್ಲಿ ಅನೇಕರು ಬೆಳೆಯುತ್ತ ಸುಧಾರಿಸುತ್ತಾರೆ. ನಮ್ಮ ವಿಷಯ ಹುಟ್ಟಿದ ಮೇಲೆ ಬಂದು ಸೇರುವಂಥದು.

ಶ್ವಾಸನಾಳದ ರಚನೆಯನ್ನು ಮೊದಲು ತಿಳಿದುಕೊಳ್ಳೋಣ. ಧ್ವನಿಪೆಟ್ಟಿಗೆಯ ಕೆಳಗಿನಿಂದ ಎದೆಯೊಳಗೆ ಅದು ಎರಡಾಗಿ ಕವಲೊಡೆಯುವ ತನಕ ಇದರ ಉದ್ದ 10ರಿಂದ 12 ಸೆಂಟಿಮೀಟರ್, ಅಗಲ ಸುಮಾರು ಹೆಬ್ಬೆರಳಿನಷ್ಟು. ಅದರ ಗೋಡೆಯಲ್ಲಿ 16ರಿಂದ 20 ಬಳೆಗಳಿವೆ. ಇವು ಬಾಗುವ ಆದರೆ ಮತ್ತೆ ನೆಟ್ಟಗಾಗುವ ಮೃದ್ವಸ್ಥಿಯ ಬಳೆಗಳು. ಬಳೆ ಎಂದೆನಾದರೂ ಪೂರ್ಣವೃತ್ತವಲ್ಲ, ಕುದುರೆಲಾಳದ ಹಾಗೆ ಹಿಂಬದಿ ತೆರೆದಿದೆ. ಆ ತೆರವನ್ನು ಸ್ನಾಯುವಿನ ಒಂದು ತೆಳ್ಳನೆಯ ಪರದೆ ಮುಚ್ಚಿದೆ. ಅದರ ಬೆನ್ನಿಗೇ ಅನ್ನನಾಳ ಇರುವುದರಿಂದ ತುತ್ತು ಇಳಿಯುವಾಗ ಈ ಪರದೆ ಸ್ವಲ್ಪ ಜಾಗ ಬಿಟ್ಟುಕೊಡುತ್ತದೆ. ಕೆಮ್ಮುವಾಗ ಒಳಕ್ಕೆ ಬಾಗಿ ದಾರಿಯನ್ನು ಕಿರಿದಾಗಿಸುತ್ತದೆ; ಕಿರಿದಾದ ದಾರಿಯಲ್ಲಿ ಗಾಳಿ ರಭಸವಾಗಿ ನುಗ್ಗಿ ಕಫವನ್ನು ಹೊರಕ್ಕೆ ತಳ್ಳುತ್ತದೆ. ಪೂರ್ತಿ ಗಟ್ಟಿಯಾದ ಕಬ್ಬಿಣದ ಕೊಳವೆಯಾಗಿದ್ದರೆ ನಮಗೆ ಸರಿಯಾಗಿ ಕೆಮ್ಮಲು ಬರುತ್ತಿರಲಿಲ್ಲ.

ಬಳೆಗಳು ಸವೆದರೆ, ಕರಗಿದರೆ, ಅಥವಾ ಹಿಂದಿನ ಪರದೆ ಸಡಿಲಗೊಂಡರೆ ಈ ಹದ ತಪ್ಪುತ್ತದೆ. ಎದೆಯೊಳಗಿನ ಭಾಗ ಮೆತ್ತಗಾಗಿದ್ದರೆ ಉಸಿರು ಬಿಡುವಾಗ ಎದೆಯ ಒತ್ತಡಕ್ಕೆ ಸಿಕ್ಕಿ ಕೊಳವೆ ಕುಸಿಯುತ್ತದೆ. ಕತ್ತಿನ ಭಾಗ ಮೆತ್ತಗಾಗಿದ್ದರೆ ಉಸಿರು ಎಳೆದುಕೊಳ್ಳುವಾಗ ಒಳಕ್ಕೆ ಹೀರಿಕೊಳ್ಳುತ್ತದೆ. ಎಳನೀರನ್ನು ಕಾಗದದ ಕೊಳವೆಯಿಂದ ಬಹಳ ಹೊತ್ತು ಕುಡಿದವರಿಗೆ ಈ ಎರಡನೆಯದು ಗೊತ್ತು: ಕೊಳವೆ ನೆನೆದ ಮೇಲೆ ಜೋರಾಗಿ ಎಳೆದಷ್ಟೂ ಅಂಟಿಕೊಳ್ಳುತ್ತದೆ. ಒಳದಾರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಕೊಂಡರೆ ಅದು ರೋಗ ಎಂದು ಬಹಳ ಕಾಲ ಹೇಳುತ್ತಿದ್ದರು. ಆರೋಗ್ಯವಂತರಲ್ಲಿ ಕೆಲವರಿಗೂ ಬಲವಾಗಿ ಉಸಿರು ಬಿಟ್ಟಾಗ ಅಷ್ಟು ಮುಚ್ಚಿಕೊಳ್ಳುವುದು ಕಂಡುಬಂದ ಮೇಲೆ, ಈಗ ಅನೇಕ ತಜ್ಞರು ಇನ್ನೂ ಹೆಚ್ಚಿನ ಕುಸಿತವನ್ನು ಕಂಡರೆ ಮಾತ್ರ ಹಾಗೆ ಕರೆಯುತ್ತಾರೆ.

ಇತಿಹಾಸಕ್ಕೆ ಬರೋಣ. ಈ ದೌರ್ಬಲ್ಯವನ್ನು ವೈದ್ಯಲೋಕ ಮೊದಮೊದಲು ಗಂಭೀರವಾಗಿ ಗಮನಿಸಿದ್ದು ನಳಿಗೆಯಿಂದಲ್ಲ, ಗಳಗಂಡದಿಂದ. ಅಯೋಡಿನ್ ಕೊರತೆಯ ಆಲ್ಪ್ಸ್ ಕಣಿವೆಗಳಲ್ಲಿ ಕತ್ತಿನ ಥೈರಾಯ್ಡ್ ಗ್ರಂಥಿ ತೆಂಗಿನಕಾಯಿಯಷ್ಟು ಊದುವುದು ಸಾಮಾನ್ಯವಾಗಿತ್ತು. ಅಂಥವರಲ್ಲಿ ಕೆಲವರು ಇದ್ದಕ್ಕಿದ್ದಂತೆ ಉಸಿರುಗಟ್ಟಿ ಸಾಯುತ್ತಿದ್ದರು. 1878ರಲ್ಲಿ ಎಡ್ಮಂಡ್ ರೋಸ್ ಎಂಬ ಶಸ್ತ್ರವೈದ್ಯ ಈ 'ಗಳಗಂಡದ ಸಾವಿ'ನ ಬಗ್ಗೆ ಬರೆಯುತ್ತ, ವರ್ಷಗಟ್ಟಲೆ ಒತ್ತಡಕ್ಕೆ ಸಿಕ್ಕಿದ ಶ್ವಾಸನಾಳದ ಬಳೆಗಳು ಮೆತ್ತಗಾಗಿ, ಕತ್ತು ತಿರುಗಿಸಿದಾಗ ಮಡಚಿಕೊಳ್ಳುತ್ತವೆ ಎಂದು ವಾದಿಸಿದ. ಗ್ರಂಥಿಯನ್ನು ಸುರಕ್ಷಿತವಾಗಿ ತೆಗೆಯುವ ವಿಧಾನವನ್ನು ಬರ್ನ್ ನಗರದ ಥಿಯೋಡೋರ್ ಕೋಖರ್ ಪರಿಪೂರ್ಣಗೊಳಿಸಿ 1909ರ ನೊಬೆಲ್ ಬಹುಮಾನ ಪಡೆದರು. ಇಲ್ಲಿ ಒಂದು ವಿಚಿತ್ರವಿದೆ. ಊದಿದ ಗ್ರಂಥಿ ನಾಳವನ್ನು ಒತ್ತುವುದು ನಿಜವಾದರೂ, ಕೆಲವೊಮ್ಮೆ ಅದೇ ಸುತ್ತಲಿನಿಂದ ನಾಳವನ್ನು ಹಿಡಿದು ನಿಲ್ಲಿಸಿರುತ್ತದೆ. ಗ್ರಂಥಿಯನ್ನು ತೆಗೆದ ಮೇಲೆ ಆಸರೆ ತಪ್ಪಿ ನಾಳ ಕುಸಿಯಬಹುದು. ದೊಡ್ಡ ಗಳಗಂಡದ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅರಿವಳಿಕೆ ತಜ್ಞರು ನಳಿಗೆಯನ್ನು ಹೊರತೆಗೆಯಲು ಅವಸರಪಡದಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಚಿಕ್ಕಮಗಳೂರು, ಕೊಡಗಿನ ಮಲೆನಾಡಿನಲ್ಲೂ ಗಳಗಂಡ ಹಳೆಯ ಪರಿಚಯದ ರೋಗವೇ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಮತ್ತು ಆಮೇಲೆ ಮನೆಮನೆಗೂ ಬಂದ ಅಯೋಡಿನ್ ಬೆರೆಸಿದ ಉಪ್ಪು ಈ ಕಾರಣವನ್ನು ಬಹಳಮಟ್ಟಿಗೆ ತಗ್ಗಿಸಿವೆ. ಅಡುಗೆಮನೆಯ ಉಪ್ಪಿನ ಡಬ್ಬಿ ಶ್ವಾಸನಾಳವನ್ನು ಕಾಯುತ್ತದೆಂದು ಯಾರು ತಾನೆ ಎಣಿಸಿದ್ದರು!

ಎರಡನೆಯ ಹಳೆಯ ಕಾರಣ ದೀರ್ಘಕಾಲದ ಸೋಂಕು. ಕ್ಷಯರೋಗ ಶ್ವಾಸಕೋಶಕ್ಕೆ ಮಾತ್ರ ಸೀಮಿತವಲ್ಲ. ಗಾಳಿಯ ಕೊಳವೆಗಳ ಗೋಡೆಗೂ ಹಬ್ಬಿ ಬಳೆಗಳನ್ನು ತಿನ್ನಬಲ್ಲದು. ಗುಣವಾಗುವಾಗ ಹೆಚ್ಚಾಗಿ ಗಾಯದ ಕಲೆ ಕಟ್ಟಿ ದಾರಿ ಕಿರಿದಾಗುತ್ತದೆ, ಕೆಲವರಲ್ಲಿ ಗೋಡೆಯೂ ಸಡಿಲಾಗುತ್ತದೆ. ಮೇಖ್ರಿ ವೃತ್ತದಿಂದ ಹೆಬ್ಬಾಳದತ್ತ ಸಾಗುವ ಅದೇ ಬಳ್ಳಾರಿ ರಸ್ತೆಯಲ್ಲಿ, ನಗರದ ಕಡೆಯ ತುದಿಗೆ, 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಆ ಸಂಸ್ಥೆಯ ಆರಂಭದ ದಿನಗಳ ಒಂದು ಅಧ್ಯಯನವನ್ನು ಇಲ್ಲಿ ನೆನೆಯಲೇಬೇಕು. ಸಮಾಜವಿಜ್ಞಾನಿಯೂ ವೈದ್ಯರೂ ಆಗಿದ್ದ ದೇಬಬರ್ ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರು ರೋಗವನ್ನು ನಿರ್ಲಕ್ಷಿಸುತ್ತಾರೆ ಎಂಬುದು ಆಗಿನ ತಿಳುವಳಿಕೆ. ವಸ್ತುಸ್ಥಿತಿ ಬೇರೆ ಇತ್ತು. ರೋಗಿಗಳಲ್ಲಿ ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗಳಿಗೆ ಹೋಗಿದ್ದರು. ಅವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. ಆ ಸೀಸೆ ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ.

ಈಗ ನಳಿಗೆ. ಗಂಟಲುಮಾರಿ ಎಂಬ ಡಿಫ್ತೀರಿಯ ಮಕ್ಕಳ ಗಂಟಲಲ್ಲಿ ಪೊರೆ ಕಟ್ಟಿ ಉಸಿರುಗಟ್ಟಿಸುತ್ತಿದ್ದ ಕಾಲದಲ್ಲಿ, ಕತ್ತಿನ ಮುಂಭಾಗದಲ್ಲಿ ತೂತು ಮಾಡಿ ಗಾಳಿಗೆ ದಾರಿ ಬಿಡುವ ಶಸ್ತ್ರಕ್ರಿಯೆಯನ್ನು ಪ್ಯಾರಿಸ್ಸಿನ ಟ್ರೂಸೋ 1830ರ ದಶಕದಲ್ಲಿ ಬಳಕೆಗೆ ತಂದ. 1885ರ ಸುಮಾರಿಗೆ ನ್ಯೂಯಾರ್ಕಿನ ಓಡ್ವಯರ್, ಕತ್ತನ್ನು ಕೊಯ್ಯದೆ ಬಾಯಿಯ ಮೂಲಕವೇ ಲೋಹದ ಕಿರುನಳಿಗೆಯನ್ನು ಇಳಿಸುವ ಉಪಾಯವನ್ನು ಕಂಡುಕೊಂಡ. ನಳಿಗೆಯ ಸುತ್ತ ಗಾಳಿ ಸೋರದಂತೆ ಒಂದು ರಬ್ಬರ್ ಬುಗ್ಗೆಯನ್ನು ಊದಿ ಕೂರಿಸುವ ಕ್ರಮವನ್ನು ಅಮೆರಿಕದ ಗ್ಯೂಡೆಲ್ ಮತ್ತು ವಾಟರ್ಸ್ 1928ರಲ್ಲಿ ಪ್ರಕಟಿಸಿದರು. ಗ್ಯೂಡೆಲ್ ತನ್ನ ನಾಯಿಗೆ ಅರಿವಳಿಕೆ ಕೊಟ್ಟು, ಈ ಬುಗ್ಗೆಯ ನಳಿಗೆಯನ್ನು ಹಾಕಿ, ಸಭಿಕರೆದುರು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಿದ್ದನಂತೆ. ಪ್ರದರ್ಶನ ಮುಗಿದ ಮೇಲೆ ನಾಯಿ ಎದ್ದು ಮೈ ಕೊಡವಿಕೊಳ್ಳುತ್ತಿತ್ತು. ಹನಿ ನೀರೂ ಒಳಗೆ ಹೋಗುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಶಸ್ತ್ರಕ್ರಿಯೆಯ ಒಂದೆರಡು ಗಂಟೆಗೆ ಇದು ಹೇಳಿ ಮಾಡಿಸಿದ ಸಾಧನ. ವಾರಗಟ್ಟಲೆ ಒಳಗಿಡುವ ಪ್ರಸಂಗ ಬಂದದ್ದು 1952ರಲ್ಲಿ, ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ಮೂರು ವಾರಗಳಲ್ಲಿ ಉಸಿರಾಟದ ಸ್ನಾಯು ಸೋತ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಮುಖ್ಯಸ್ಥ ಲ್ಯಾಸೆನ್ ಕರೆಸಿಕೊಂಡ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಆಗಸ್ಟ್ 27ರಂದು ಹನ್ನೆರಡು ವರ್ಷದ ಒಬ್ಬ ಹುಡುಗಿಯ ಕತ್ತಿನಲ್ಲಿ ರಂಧ್ರ ಮಾಡಿಸಿ, ಬುಗ್ಗೆಯುಳ್ಳ ನಳಿಗೆಯನ್ನು ಇರಿಸಿ, ಕೈಚೀಲವನ್ನು ಒತ್ತಿ ಒತ್ತಿ ಗಾಳಿ ತುಂಬಿದ. ಹುಡುಗಿ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕುಳಿತು ಕೈಯಿಂದಲೇ ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಇಂದಿನ ತೀವ್ರನಿಗಾ ಘಟಕದ ಹುಟ್ಟು ಅಲ್ಲಿಂದ ಎಂದು ಹೇಳುವುದು ವಾಡಿಕೆ, ಅದು ತಪ್ಪೇನಲ್ಲ.

ಜೀವ ಉಳಿದವರಲ್ಲಿ ಕೆಲವರು ವಾರಗಳ ಮೇಲೆ, ತಿಂಗಳುಗಳ ಮೇಲೆ ಆಸ್ಪತ್ರೆಗೆ ಮರಳಿದರು. ಏದುಸಿರು, ಸುಂಯ್ಗುಡುವ ಶಬ್ದ, ಮೆಟ್ಟಿಲು ಹತ್ತಲಾಗದ ಸ್ಥಿತಿ. 1960ರ ದಶಕದಲ್ಲಿ ವೆಂಟಿಲೇಟರುಗಳ ಬಳಕೆ ಹೆಚ್ಚಿದಂತೆ ಇಂಥವರ ಸಂಖ್ಯೆಯೂ ಹೆಚ್ಚಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹರ್ಮಿಸ್ ಗ್ರಿಲ್ಲೋ ಮತ್ತು ಅವರ ಕಿರಿಯ ಸಹೋದ್ಯೋಗಿ ಜೋಯಲ್ ಕೂಪರ್, ವೆಂಟಿಲೇಟರಿನಲ್ಲಿದ್ದು ತೀರಿಕೊಂಡವರ ಶ್ವಾಸನಾಳಗಳನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ಲೇಖನ ಈ ಒಗಟನ್ನು ಬಿಡಿಸಿತು. ತಪ್ಪು ಬುಗ್ಗೆಯಲ್ಲಿತ್ತು. ಆ ಕಾಲದ ಬುಗ್ಗೆ ಚಿಕ್ಕದು, ದಪ್ಪ ರಬ್ಬರಿನದು. ಅದನ್ನು ಹಿಗ್ಗಿಸಲು ಬಲವಾಗಿ ಊದಬೇಕು. ಹಿಗ್ಗಿದ ಬುಗ್ಗೆ ನಾಳದ ಒಳಪೊರೆಯನ್ನು ಕಲ್ಲಿನಂತೆ ಒತ್ತುತ್ತದೆ. ಒಳಪೊರೆಯ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತದ ಒತ್ತಡ ಪಾದರಸದ 25ರಿಂದ 30 ಮಿಲಿಮೀಟರಿನಷ್ಟು. ಹೊರಗಿನ ಒತ್ತಡ ಅದನ್ನು ಮೀರಿತೆಂದರೆ ರಕ್ತ ನಿಲ್ಲುತ್ತದೆ, ಪೊರೆ ಸಾಯುತ್ತದೆ, ಹುಣ್ಣಾಗುತ್ತದೆ, ಹುಣ್ಣಿನ ತಳದಲ್ಲಿ ಮೃದ್ವಸ್ಥಿಯ ಬಳೆ ಬತ್ತಲಾಗುತ್ತದೆ. ಬಳೆಗೆ ತನ್ನದೇ ಆದ ರಕ್ತನಾಳವಿಲ್ಲ, ಮೇಲಿನ ಪೊರೆಯಿಂದಲೇ ಅದಕ್ಕೆ ಪೋಷಣೆ. ಪೊರೆ ಹೋದ ಮೇಲೆ ಅದು ಸೋಂಕಿಗೆ ಸಿಕ್ಕಿ ಚೂರಾಗಿ ಕರಗುತ್ತದೆ. ಆಮೇಲಿನ ದಾರಿ ಎರಡು: ಕಲೆ ಕಟ್ಟಿ ಬಿಗಿದುಕೊಂಡರೆ ನಾಳ ಕಿರಿದಾಗುತ್ತದೆ, ಬಳೆಯಿಲ್ಲದ ತೆಳುಗೋಡೆ ಮಾತ್ರ ಉಳಿದರೆ ಮೆತ್ತಗಾಗುತ್ತದೆ. ಒಬ್ಬನೇ ರೋಗಿಯಲ್ಲಿ ಎರಡೂ ಇರುವುದುಂಟು.

ಪರಿಹಾರ ಕೇಳಿದರೆ ಇಷ್ಟೇನಾ ಎನಿಸೀತು. ಚಿಕ್ಕ ಬಿಗಿ ಬುಗ್ಗೆಯ ಬದಲು ದೊಡ್ಡ, ತೆಳ್ಳನೆಯ, ಸಡಿಲ ಬುಗ್ಗೆ. ಅದು ಹಿಗ್ಗಬೇಕಾಗಿಲ್ಲ, ಸುಮ್ಮನೆ ತುಂಬಿಕೊಂಡು ನಾಳದ ಆಕಾರಕ್ಕೆ ಒಗ್ಗಿ ಕೂರುತ್ತದೆ. 1970ರ ದಶಕದಲ್ಲಿ ಇಂಥ ಬುಗ್ಗೆಗಳು ಎಲ್ಲೆಡೆ ಬಂದವು, ಗಾಯಗಳು ಬಹಳ ಕಡಿಮೆಯಾದವು. ಆದರೆ ಸಡಿಲ ಬುಗ್ಗೆಗೂ ಅತಿಯಾಗಿ ಗಾಳಿ ತುಂಬಿದರೆ ಅದೂ ಕಲ್ಲಾಗುತ್ತದೆ. ಆದ್ದರಿಂದ ಬುಗ್ಗೆಯ ಒತ್ತಡವನ್ನು ನೀರಿನ 20ರಿಂದ 30 ಸೆಂಟಿಮೀಟರಿನೊಳಗೆ ಇಡಬೇಕು, ಬೆರಳಿನಿಂದ ಮುಟ್ಟಿ ಅಂದಾಜು ಮಾಡದೆ ಮಾಪಕ ಇಟ್ಟು ಅಳೆಯಬೇಕು ಎಂಬುದು ನಿಯಮ. ಮಾಪಕ ಅಂಗೈಯಲ್ಲಿ ಹಿಡಿಯುವ ಗಡಿಯಾರದಂಥ ವಸ್ತು, ಬೆಲೆ ವೆಂಟಿಲೇಟರಿನ ಮುಂದೆ ಏನೇನೂ ಅಲ್ಲ. ದಿನಕ್ಕೆ ಹಲವು ಬಾರಿ ಅದನ್ನು ಹಚ್ಚಿ ನೋಡಲು ಪುರಸೊತ್ತಿರುವ ಒಬ್ಬ ನರ್ಸ್ ಬೇಕು, ಅಷ್ಟೆ.

ಆ 'ಅಷ್ಟೆ' ಎಂಬುದೇ 2020-21ರಲ್ಲಿ ದುರ್ಲಭವಾಯಿತು. ಕೋವಿಡ್ ರೋಗಿಗಳು ಎರಡು-ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ನಳಿಗೆಯ ಮೇಲೆ ಇರಬೇಕಾಯಿತು. ಸೋಂಕು ಗಾಳಿಯಲ್ಲಿ ಹರಡೀತೆಂಬ ಭಯದಿಂದ ಕತ್ತಿನ ರಂಧ್ರದ ಶಸ್ತ್ರಕ್ರಿಯೆಯನ್ನು ಹಲವೆಡೆ ಮುಂದೂಡಿದರು. ಆಮ್ಲಜನಕ ಹೆಚ್ಚಿಸಲು ರೋಗಿಯನ್ನು ಬೋರಲು ಮಲಗಿಸುವಾಗ ನಳಿಗೆ ಜರುಗಿ ತಿಕ್ಕುತ್ತಿತ್ತು. ಕೊಟ್ಟ ಸ್ಟೀರಾಯ್ಡ್ ಜೀವ ಉಳಿಸಿತು, ಗಾಯ ಮಾಯುವುದನ್ನು ನಿಧಾನಗೊಳಿಸಿತು. 2021ರ ಮೇ 11ರಂದು ಟಾಟಾನಗರದಿಂದ ಮೊದಲ ಆಮ್ಲಜನಕದ ರೈಲು ಬೆಂಗಳೂರಿನ ವೈಟ್‌ಫೀಲ್ಡಿಗೆ ಬಂದ ವಾರವನ್ನು ನೆನೆಸಿಕೊಂಡರೆ, ಒಬ್ಬೊಬ್ಬ ನರ್ಸಿನ ಪಾಲಿಗೆ ಎಷ್ಟು ಹಾಸಿಗೆಗಳಿದ್ದವೆಂದು ಊಹಿಸಬಹುದು. ಯಂತ್ರಗಳು ಕಾರ್ಖಾನೆಯಿಂದ ಹೊರಬಂದಷ್ಟು ಬೇಗ ಅವನ್ನು ನಡೆಸಬಲ್ಲ ಕೈಗಳು ತಯಾರಾಗಲಿಲ್ಲ. ಅನಂತರ ಜಗತ್ತಿನ ನಾನಾ ಕಡೆಗಳಿಂದ, ಭಾರತದಿಂದಲೂ, ಶ್ವಾಸನಾಳ ಕಿರಿದಾದ, ಮೆತ್ತಗಾದ ಕೋವಿಡೋತ್ತರ ರೋಗಿಗಳ ವರದಿಗಳು ಬಂದವು.

ಇದನ್ನು ಕೋವಿಡ್ಡಿನ ತಲೆಗೇ ಕಟ್ಟುವುದೂ ನ್ಯಾಯವಲ್ಲ. ನಮ್ಮ ಕಡೆ ವೆಂಟಿಲೇಟರಿಗೆ ಹೋಗುವವರಲ್ಲಿ ಎಳೆಯ ವಯಸ್ಸಿನವರು ಬಹಳ. ಬೆಳೆಗೆ ಸಿಂಪಡಿಸುವ ಕೀಟನಾಶಕ ಒಡಲು ಸೇರಿದವರು, ಹಾವು ಕಚ್ಚಿದವರು, ದ್ವಿಚಕ್ರ ವಾಹನದಿಂದ ಬಿದ್ದು ತಲೆಗೆ ಪೆಟ್ಟಾದವರು. ಯಲಹಂಕದ ಆಚೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹೊಲಗದ್ದೆಗಳಿಂದಲೂ, ವಿಮಾನ ನಿಲ್ದಾಣದ ಹೆದ್ದಾರಿಯಿಂದಲೂ ಇಂಥವರು ಉತ್ತರ ಬೆಂಗಳೂರಿನ ಆಸ್ಪತ್ರೆಗಳಿಗೆ ಬರುತ್ತಾರೆ. ಇವರು ಗುಣವಾಗಿ ಮನೆ ಸೇರಿದ ಮೇಲೆ ಐವತ್ತು ವರ್ಷ ಬಾಳಬೇಕಾದವರು; ಅವರ ಶ್ವಾಸನಾಳವೂ ಅಷ್ಟು ವರ್ಷ ಬಾಳಬೇಕು.

ರೋಗವನ್ನು ಗುರುತಿಸುವಲ್ಲೇ ಎಡವಟ್ಟು ಹೆಚ್ಚು. ಲಕ್ಷಣಗಳು ಅಸ್ತಮಾವನ್ನು ಹೋಲುತ್ತವೆ: ಏದುಸಿರು, ಗೊರಗೊರ ಶಬ್ದ, ಮೇಲಿಂದ ಮೇಲೆ ಕಫದ ಸೋಂಕು. ಕೆಮ್ಮು ಮಾತ್ರ ವಿಶಿಷ್ಟ; ಗೋಡೆಗಳು ಪರಸ್ಪರ ಬಡಿದು ನಾಯಿ ಬೊಗಳಿದಂಥ, ತಗಡು ಬಡಿದಂಥ ಸದ್ದು. ಇದು ಮಕ್ಕಳಿಗೆ ಬರುವ ನಾಯಿಕೆಮ್ಮಲ್ಲ, ಸೋಂಕು ಬೇರೆ, ಹೆಸರು ಗೊಂದಲಕ್ಕೆ ಎಡೆಮಾಡುತ್ತದೆ. ಅಸ್ತಮಾದ ಔಷಧಿ ಎಳೆದುಕೊಂಡರೂ ಇದು ಜಗ್ಗುವುದಿಲ್ಲ, ಏಕೆಂದರೆ ಸಮಸ್ಯೆ ಸಣ್ಣ ಕೊಳವೆಗಳ ಬಿಗಿತದ್ದಲ್ಲ, ದೊಡ್ಡ ಕೊಳವೆಯ ಸಡಿಲಿನದು. ತುಮಕೂರಿನ ಹಳ್ಳಿಗರಿಗೆ ಸಿಕ್ಕಿದ ಸೀಸೆಯಂತೆ, ಇವರಿಗೂ ವರ್ಷಗಟ್ಟಲೆ ಇನ್ಹೇಲರುಗಳು ಸಿಗುತ್ತವೆ. ಸಾಧಾರಣ ಎಕ್ಸ್‌ರೇ ಚಿತ್ರದಲ್ಲಿ ಏನೂ ಕಾಣದೆ ಹೋಗಬಹುದು. ಚಿತ್ರ ತೆಗೆಯುವವರು 'ಉಸಿರು ಎಳೆದು ಹಿಡಿಯಿರಿ' ಎನ್ನುತ್ತಾರಲ್ಲ, ಎದೆಯೊಳಗಿನ ನಾಳ ಚೆನ್ನಾಗಿ ತೆರೆದುಕೊಳ್ಳುವುದೇ ಆಗ! ಉಸಿರು ಬಿಡುತ್ತಿರುವಾಗ ತೆಗೆದ ಸಿ.ಟಿ. ಚಿತ್ರ, ಅಥವಾ ರೋಗಿ ಎಚ್ಚರವಿದ್ದು ಉಸಿರಾಡುತ್ತಿರುವಾಗ ಬಾಗುವ ಬ್ರಾಂಕೋಸ್ಕೋಪನ್ನು ಇಳಿಸಿ ಕಣ್ಣಾರೆ ನೋಡುವುದು, ಇವೆರಡೇ ನಂಬಬಹುದಾದ ದಾರಿಗಳು. ಹಾಗೆ ಬಾಗುವ ಬ್ರಾಂಕೋಸ್ಕೋಪು 1960ರ ದಶಕದ ಕೊನೆಗೆ ಜಪಾನಿನ ಶಿಗೆಟೋ ಇಕೆಡಾ ಕೊಟ್ಟ ಕೊಡುಗೆ.

ಚಿಕಿತ್ಸೆಯ ಮಾತು. ಸ್ವಲ್ಪ ಸಡಿಲಿದ್ದು ತೊಂದರೆ ಇಲ್ಲದವರಿಗೆ ಏನೂ ಬೇಡ. ಕಫ ನಿಲ್ಲದಂತೆ ಎದೆಯ ವ್ಯಾಯಾಮ, ಸೋಂಕಿಗೆ ಬೇಗನೆ ಔಷಧ, ಹೊಗೆ ಬಿಡುವುದು, ಜೊತೆಗೆ ಅಸ್ತಮಾ ಇದ್ದರೆ ಅದರ ಚಿಕಿತ್ಸೆ. ರಾತ್ರಿ ಮುಖಕ್ಕೆ ಮಾಸ್ಕು ಹಾಕಿ ಹದವಾದ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ, ನಾಳದೊಳಗೆ ಗಾಳಿಯದೇ ಊರುಗೋಲು ನಿಲ್ಲಿಸಿದಂತೆ ಕೆಲಸ ಮಾಡುತ್ತದೆ. ಹಾಳಾದ ಭಾಗ ಚಿಕ್ಕದಿದ್ದರೆ ಅದನ್ನು ಕತ್ತರಿಸಿ ತೆಗೆದು ತುದಿಗಳನ್ನು ಹೊಲಿಯುವುದು ಉತ್ತಮ. 1950ರ ಸುಮಾರಿಗೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ತೆಗೆದರೆ ತುದಿಗಳು ಕೂಡಲಾರವೆಂದು ನಂಬಿದ್ದರು. ಗ್ರಿಲ್ಲೋ ಅವರ ಕೆಲಸದಿಂದ, ಕೆಲವರಲ್ಲಿ ನಾಳದ ಸುಮಾರು ಅರ್ಧದವರೆಗೂ ತೆಗೆಯಬಹುದೆಂದು ತಿಳಿಯಿತು. ಹಿಂದಿನ ಪರದೆಯೇ ಸಡಿಲಾಗಿ ಉದ್ದಕ್ಕೂ ಕುಸಿಯುವವರಿಗೆ, ಬೆನ್ನ ಕಡೆಯಿಂದ ಜಾಲರಿಯನ್ನು ಹೊಲಿದು ಪರದೆಯನ್ನು ಬಿಗಿಗೊಳಿಸುವ ಶಸ್ತ್ರಕ್ರಿಯೆಯಿದೆ. ಇದರ ಬೀಜ 1954ರಲ್ಲಿ ಸ್ವಿಟ್ಜರ್ಲೆಂಡಿನ ಹರ್ಜೋಗ್ ಮತ್ತು ನಿಸ್ಸೆನ್ ಬರೆದ ಲೇಖನದಲ್ಲಿದೆ.

ಒಳಗಿನಿಂದ ಆಸರೆ ಕೊಡುವ ಬಗೆಯೂ ಉಂಟು. ಬಾಸ್ಟನ್ನಿನ ಮಾಂಟ್‌ಗೊಮೆರಿ 1960ರ ದಶಕದಲ್ಲಿ ರೂಪಿಸಿದ ಟೀ ಆಕಾರದ ಸಿಲಿಕೋನ್ ನಳಿಗೆ ಇಂದಿಗೂ ಬಳಕೆಯಲ್ಲಿದೆ. ಮಾರ್ಸೇಲಿನ ಡ್ಯೂಮೋನ್ 1990ರಲ್ಲಿ ಪ್ರಕಟಿಸಿದ ಸಿಲಿಕೋನ್ ಸ್ಟೆಂಟನ್ನು ಬೇಕೆಂದಾಗ ಹೊರತೆಗೆಯಬಹುದು. ಆದರೆ ಅದು ಜರುಗಬಹುದು, ಕಫ ಕಟ್ಟಬಹುದು. ಲೋಹದ ಜಾಲರಿಯ ಸ್ಟೆಂಟು ಹಾಕಲು ಸುಲಭ, ತೆಗೆಯಲು ಮಹಾಕಷ್ಟ. ಕ್ಯಾನ್ಸರ್ ಅಲ್ಲದ ರೋಗಗಳಲ್ಲಿ ಬೇರೆ ಎಲ್ಲ ದಾರಿ ಮುಚ್ಚಿದ ಹೊರತು ಅದನ್ನು ಬಳಸಬೇಡಿರೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿ ಎಚ್ಚರಿಸಿತು. 'ಸ್ಟೆಂಟ್ ಹಾಕಿಬಿಡಿ ಡಾಕ್ಟರೇ' ಎಂದು ಹೃದಯದ ಚಿಕಿತ್ಸೆಯ ಮಾದರಿಯಲ್ಲಿ ಕೇಳುವ ಮನೆಯವರು ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಹೊಸ ನಾಳವನ್ನೇ ತಯಾರಿಸಿ ಕೂರಿಸುವ ಆಸೆ ಇಲ್ಲಿಯವರೆಗೆ ದುಬಾರಿಯೇ ಆಗಿದೆ. ಪಾವ್ಲೋ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯ 2011ರಲ್ಲಿ ಸ್ಟಾಕ್‌ಹೋಮಿನಲ್ಲಿ ಪ್ಲಾಸ್ಟಿಕ್ಕಿನ ಶ್ವಾಸನಾಳಕ್ಕೆ ರೋಗಿಯ ಜೀವಕೋಶ ಹಚ್ಚಿ ಕೂರಿಸಿದಾಗ ಜಗತ್ತು ಚಪ್ಪಾಳೆ ತಟ್ಟಿತು. ಸ್ವೀಡನ್ನಿನಲ್ಲಿ ಹಾಗೆ ನಾಳ ಪಡೆದ ಮೂವರೂ ಬದುಕುಳಿಯಲಿಲ್ಲ, 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವನಿಗೆ ಎರಡೂವರೆ ವರ್ಷದ ಸೆರೆವಾಸ ವಿಧಿಸಿತು. ಇದಕ್ಕಿಂತ ವಿನಯವುಳ್ಳ ಇನ್ನೊಂದು ದಾರಿ ಮಿಚಿಗನ್ ವಿಶ್ವವಿದ್ಯಾಲಯದ್ದು. ಹುಟ್ಟಿನಿಂದಲೇ ಕವಲುನಾಳ ಕುಸಿಯುತ್ತಿದ್ದ ಒಂದು ಕೂಸಿಗೆ 2012ರಲ್ಲಿ ಗಣಕಯಂತ್ರದಿಂದ ಮುದ್ರಿಸಿದ ಒಂದು ತೊಡಿಗೆಯನ್ನು ನಾಳದ ಹೊರಗಿನಿಂದ ಕಟ್ಟಿದರು. ಕೆಲವು ವರ್ಷಗಳಲ್ಲಿ ಕರಗಿ ಹೋಗುವ ಪ್ಲಾಸ್ಟಿಕ್ ಅದು. ಅಷ್ಟರೊಳಗೆ ನಾಳ ಬೆಳೆದು ಗಟ್ಟಿಯಾಗಬೇಕೆಂಬುದು ಲೆಕ್ಕಾಚಾರ. ಬೆಳವಣಿಗೆ ಮುಗಿದ ದೊಡ್ಡವರಿಗೆ ಈ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ.

ವೆಂಟಿಲೇಟರಿನಿಂದ ಬಿಡುಗಡೆಯಾಗಿ ಮನೆಗೆ ಬಂದವರಿಗೆ ಎರಡು ವಾರದಿಂದ ಕೆಲವು ತಿಂಗಳೊಳಗೆ ಉಸಿರಿನ ಶಬ್ದ ಬದಲಾದರೆ, ಕೆಮ್ಮು ತಗಡಿನಂತೆ ಕೇಳಿಸಿದರೆ, ಅಸ್ತಮಾ ಎಂದು ಹಣೆಪಟ್ಟಿ ಹಚ್ಚುವ ಮೊದಲು ಮನೆಯವರು ವೈದ್ಯರಿಗೆ ಒಂದು ಮಾತು ಹೇಳಬೇಕು: ಇವರಿಗೆ ಇಷ್ಟು ದಿನ ನಳಿಗೆ ಹಾಕಿದ್ದರು ಎಂದು. ಬಿಡುಗಡೆಯ ಚೀಟಿಯಲ್ಲಿ ಆ ದಿನಗಳ ಸಂಖ್ಯೆ ಇರುತ್ತದೆ. ಚೀಟಿಯನ್ನು ಜೋಪಾನವಾಗಿಟ್ಟು, ಹೋಗುವಾಗ ಜೊತೆಗೆ ಒಯ್ಯಬೇಕು.